ಹುಳ ಕಂಡ ಕೂಡಲೇ ಔಷಧಿ ಹೊಡೆಯುವ ಮೊದಲು ಮರವನ್ನು ನೋಡಿ

ಮಾನ್ಯ ಸಂಪಾದಕರೇ,

ಮರಗಿಡಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಪ್ರಶ್ನೋತ್ತರಗಳನ್ನು ನಾನು ಬಿಡದೆ ಓದುತ್ತೇನೆ. ಎಲೆಗೆ ಹುಳ ಬಿದ್ದಿದೆ, ಏನು ಮಾಡಲಿ ಅಂತ ಒಬ್ಬರು ಕೇಳುತ್ತಾರೆ. ಇಂಥ ಔಷಧಿಯನ್ನು ಇಷ್ಟು ನೀರಿಗೆ ಬೆರೆಸಿ ಹೊಡೆಯಿರಿ ಅಂತ ಉತ್ತರ ಬರುತ್ತದೆ. ಉತ್ತರ ತಪ್ಪು ಅಂತಲ್ಲ. ಆದರೆ ಪಕ್ಕದಲ್ಲೇ ಇರುವ ಅದೇ ಜಾತಿಯ ಇನ್ನೊಂದು ಮರಕ್ಕೆ ಯಾಕೆ ಹುಳ ಬಿದ್ದಿಲ್ಲ ಅಂತ ಯಾರೂ ಕೇಳುವುದೇ ಇಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೇ ಈ ಪತ್ರ.

ಮರಕ್ಕೆ ಓಡಿಹೋಗಲು ಕಾಲಿಲ್ಲ, ಕೊಡವಿಕೊಳ್ಳಲು ಕೈಯಿಲ್ಲ. ನೂರಾರು ವರ್ಷ ನಿಂತಲ್ಲೇ ನಿಂತು ಬದುಕಬೇಕು. ಅದನ್ನು ತಿನ್ನುವ ಹುಳಕ್ಕಾದರೋ ವರ್ಷಕ್ಕೆ ಒಂದು ತಲೆಮಾರು, ಕೆಲವಕ್ಕೆ ನಾಲ್ಕೈದು. ಲೆಕ್ಕದ ಪ್ರಕಾರ ಹುಳವೇ ಗೆದ್ದು, ಭೂಮಿಯ ಮೇಲೆ ಒಂದು ಹಸಿರೆಲೆಯೂ ಉಳಿಯಬಾರದಿತ್ತು ಅಲ್ವಾ? ಆದರೂ ಕಾಡು ಹಸಿರಾಗೇ ಇದೆ. ಹಕ್ಕಿ, ಕಣಜ, ಇರುವೆ, ಮಳೆ, ಚಳಿ ಎಲ್ಲ ಸೇರಿ ಹುಳಗಳನ್ನು ಹದ್ದುಬಸ್ತಿನಲ್ಲಿಡುತ್ತವೆ ನಿಜ. ಆದರೆ ಅದರಲ್ಲಿ ದೊಡ್ಡ ಪಾಲು ಮರ ತನ್ನೊಳಗೇ ತಯಾರಿಸಿಕೊಳ್ಳುವ ರಾಸಾಯನಿಕಗಳದ್ದು. ಒಗರು, ಕಹಿ, ಘಾಟು, ಅಂಟು, ಸೊನೆ ಅಂತ ನಮಗೆ ಗೊತ್ತಾಗುವುದೆಲ್ಲ ಅವೇ. ಒಂದು ಕಾಲದಲ್ಲಿ ವಿಜ್ಞಾನಿಗಳೇ ಇವನ್ನು ಗಿಡದ ಕಸ, ಹೊರಹಾಕಲಾಗದೆ ಉಳಿಸಿಕೊಂಡದ್ದು ಅಂತ ತಿಳಿದಿದ್ದರು. 1959ರಲ್ಲಿ ಗಾಟ್‌ಫ್ರೀಡ್ ಫ್ರೆಂಕೆಲ್ ಎಂಬ ಕೀಟವಿಜ್ಞಾನಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಇವು ಕಸವಲ್ಲ, ಹುಳಗಳಿಂದ ಉಳಿಯಲು ಗಿಡ ಕಂಡುಕೊಂಡ ದಾರಿ ಅಂತ ವಾದಿಸಿದರು. ಆಮೇಲೆ ಈ ವಿಷಯ ನೋಡುವ ರೀತಿಯೇ ಬದಲಾಯಿತು.

ಒಂದೇ ಜಾತಿಯ ಎರಡು ಮರಗಳಲ್ಲಿ ವ್ಯತ್ಯಾಸ ಇರುತ್ತದೆ ಅಂದೆನಲ್ಲ, ಒಂದೇ ಮರದ ಎರಡು ಕೊಂಬೆಗಳಲ್ಲೂ ಇರಬಹುದು. ಆಸ್ಟ್ರೇಲಿಯಾದಲ್ಲಿ ಯೂಕಲಿಪ್ಟಸ್, ಅಂದರೆ ನೀಲಗಿರಿ ಜಾತಿಯ ಒಂದು ಮರವನ್ನು ಜೀರುಂಡೆಗಳು ಪೂರ್ತಿ ಬೋಳಿಸಿದ್ದವು. ಒಂದೇ ಒಂದು ಕೊಂಬೆ ಮಾತ್ರ ಸೊಂಪಾಗಿ ಹಾಗೇ ಉಳಿದಿತ್ತು. ಅದೇ ಬೇರು, ಅದೇ ಮಣ್ಣು, ಅದೇ ಬಿಸಿಲು. 1990ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದರ ವರದಿ ಬಂತು. ಆ ಕೊಂಬೆಯ ಎಲೆಗಳಲ್ಲಿದ್ದ ಎಣ್ಣೆಯ ಹದವೇ ಬೇರೆಯಾಗಿತ್ತು. ನೀಲಗಿರಿ ಎಣ್ಣೆಗೆ ಆ ಘಾಟು ಕೊಡುವ ಸಿನಿಯೋಲ್ ಅನ್ನೋ ಅಂಶ ಉಳಿದ ಕೊಂಬೆಯಲ್ಲಿ ಜಾಸ್ತಿ ಇತ್ತು. ಮುಂದೆ ಜೀನುಗಳನ್ನು ಓದಿ ನೋಡಿದಾಗ ಆ ಕೊಂಬೆ ಬೆಳೆಯುವಾಗ ಅದರ ಜೀವಕೋಶಗಳಲ್ಲೇ ಸಣ್ಣಪುಟ್ಟ ಬದಲಾವಣೆ ಆಗಿದ್ದು ಕಂಡಿತು. ನನಗೆ ಈ ಒಂದು ಉದಾಹರಣೆ ಸಾಕು. ಜೀರುಂಡೆ ಹಸಿದಿತ್ತು, ಎಲೆ ಎದುರಿಗೇ ಇತ್ತು, ಆದರೂ ತಿನ್ನಲಿಲ್ಲ.

ಇನ್ನೊಂದನ್ನು ನೀವೇ ಕೈಯಿಂದ ಮಾಡಿ ನೋಡಬಹುದು. ಹಿಪ್ಪುನೇರಳೆಯ ಒಂದು ಎಲೆಯನ್ನು ತೊಟ್ಟಿನ ಹತ್ತಿರ ಚಿವುಟಿ. ಬಿಳಿ ಹಾಲಿನ ಹನಿ ಉಬ್ಬಿ ಬರುತ್ತದೆ. ರೇಷ್ಮೆ ಹುಳು ಇದನ್ನೇ ತಿಂದು ಬೆಳೆಯುತ್ತದಲ್ಲ, ಹಾಗಾಗಿ ಇದು ಸಾಧು ಎಲೆ ಅಂತಲೇ ನಮ್ಮೆಲ್ಲರ ಲೆಕ್ಕ. ಅದು ಹಾಗಿಲ್ಲ. ಜಪಾನಿನ ವಿಜ್ಞಾನಿಗಳು ಇದೇ ಎಲೆಯನ್ನು ಎರಿ ಎಂಬ ಇನ್ನೊಂದು ಜಾತಿಯ ರೇಷ್ಮೆಯ ಹುಳುಗಳಿಗೂ ಕೋಸಿನ ಹುಳುಗಳಿಗೂ ತಿನ್ನಿಸಿದರು. ಅವು ಬೆಳೆಯಲಿಲ್ಲ, ಸತ್ತವು. ಎಲೆಯನ್ನು ಸಣ್ಣಗೆ ಹೆಚ್ಚಿ, ತೊಳೆದು, ಹಾಲು ತೆಗೆದು ಕೊಟ್ಟಾಗ ಅದೇ ಹುಳುಗಳು ತಿಂದು ಬದುಕಿದವು. ಅಂದರೆ ವಿಷ ಇದ್ದದ್ದು ಆ ಹಾಲಿನಲ್ಲಿ. ರಚನೆಯಲ್ಲಿ ಸಕ್ಕರೆಯ ಹಾಗೇ ಇರುವ, ಆಲ್ಕಲಾಯ್ಡ್ ಎಂಬ ಬಗೆಯ ಕೆಲವು ರಾಸಾಯನಿಕಗಳು ಅದರಲ್ಲಿವೆ. ಹುಳು ತಿಂದ ಸಕ್ಕರೆಯನ್ನು ಜೀರ್ಣಿಸುವ ಕಿಣ್ವಕ್ಕೆ ಅವು ಅಡ್ಡ ಬರುತ್ತವೆ. ಹೊಟ್ಟೆ ತುಂಬಾ ತಿಂದರೂ ಮೈಗೆ ಹತ್ತುವುದಿಲ್ಲ. ರೇಷ್ಮೆ ಹುಳುವಿನ ಕಿಣ್ವ ಮಾತ್ರ ಇದಕ್ಕೆ ಬಗ್ಗದ ಹಾಗೆ ಬದಲಾಗಿದೆ. ಇಷ್ಟು ದಿನ ಅಷ್ಟು ಹತ್ತಿರದಿಂದ ನೋಡಿದ ಎಲೆಯ ಈ ಗುಟ್ಟು ಬಯಲಾದದ್ದು 2006ರ ಹೊತ್ತಿಗೆ, ಅಂದರೆ ನಿನ್ನೆ ಮೊನ್ನೆ.

ಒಗರಿನ ಕತೆ ಹಳೆಯದು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರದ ಕಾಡಿನ ಓಕ್ ಮರಗಳನ್ನು ಪಾಲ್ ಫೀನಿ ಎಂಬುವರು ನೋಡುತ್ತಾ ಹೋದರು. ಒಂದು ಜಾತಿಯ ಪತಂಗದ ಹುಳುಗಳು ವಸಂತದಲ್ಲಿ ಚಿಗುರು ಒಡೆಯುವ ಹೊತ್ತಿಗೆ ಸರಿಯಾಗಿ ಹುಟ್ಟಿ, ಅವಸರ ಅವಸರವಾಗಿ ತಿಂದು ಮುಗಿಸುತ್ತಿದ್ದವು. ಎಲೆ ಬಲಿತ ಹಾಗೆಲ್ಲ ಟ್ಯಾನಿನ್, ಅಂದರೆ ಒಗರಿನ ಅಂಶ ಏರುತ್ತದೆ, ಗಟ್ಟಿತನವೂ ಏರುತ್ತದೆ, ಪ್ರೋಟೀನು ಇಳಿಯುತ್ತದೆ. ಬಲಿತ ಎಲೆ ತಿಂದ ಹುಳು ಸರಿಯಾಗಿ ಬೆಳೆಯುವುದಿಲ್ಲ. 1970ರಲ್ಲಿ ಬಂದ ಈ ಅಧ್ಯಯನದ ಮೇಲೆ ಟ್ಯಾನಿನ್ ಅಂದರೆ ಎಲ್ಲ ಹುಳಕ್ಕೂ ಮದ್ದು ಅಂತ ಬಹಳ ಜನ ನಂಬಿದರು. ಆಮೇಲೆ ಗೊತ್ತಾದದ್ದು ಏನೆಂದರೆ ಎಷ್ಟೋ ಎಲೆ ತಿನ್ನುವ ಹುಳುಗಳ ಕರುಳು ಸೋಪಿನ ನೀರಿನ ಹಾಗೆ ಕ್ಷಾರವಾಗಿರುತ್ತದೆ, ಅಲ್ಲಿ ಒಗರು ಪ್ರೋಟೀನಿಗೆ ಅಂಟಿಕೊಳ್ಳುವುದೇ ಕಷ್ಟ. ಆದರೆ ಅದೇ ಕ್ಷಾರದಲ್ಲಿ ಇನ್ನು ಕೆಲವು ಬಗೆಯ ಟ್ಯಾನಿನ್ ಒಡೆದು ಕರುಳನ್ನೇ ಸುಡುತ್ತದೆ. ಹಾಗಾಗಿ ಎಷ್ಟು ಒಗರಿದೆ ಅನ್ನುವುದಕ್ಕಿಂತ ಯಾವ ಒಗರು, ಯಾವ ಹುಳ ಅನ್ನೋದು ಮುಖ್ಯ. ಈ ಎಚ್ಚರ ಇಲ್ಲದೆ ಯಾವ ಮರವನ್ನೂ 'ಹುಳ ಬೀಳದ ಮರ' ಅಂತ ಕರೆಯಬಾರದು.

ತೇಗವನ್ನೇ ತೆಗೆದುಕೊಳ್ಳಿ. ಅದರ ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಗೆದ್ದಲು ಅಷ್ಟು ಸುಲಭವಾಗಿ ಹತ್ತುವುದಿಲ್ಲ, ಟೆಕ್ಟೋಕ್ವಿನೋನ್‌ನಂಥ ಅಂಶಗಳು ಅದರಲ್ಲಿವೆ. ಆದರೆ ಅದೇ ಮರದ ಹೊರಗಿನ ಬಿಳಿ ಭಾಗವನ್ನು ಗೆದ್ದಲು ತಿನ್ನುತ್ತದೆ. ಅದೇ ಮರದ ಎಲೆಯನ್ನು ಹುಳಗಳು ಬರೀ ನರ ಉಳಿಸಿ ಜರಡಿ ಮಾಡಿಬಿಡುತ್ತವೆ. ಮದ್ದು ಮರದಲ್ಲೆಲ್ಲ ಒಂದೇ ಸಮ ಇರುವುದಿಲ್ಲ.

ಬೇವಿನ ಮಾತು ಬಂದೇ ಬರುತ್ತದೆ. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಎಲ್ಲವನ್ನೂ ತಿಂದು ಹೋದಾಗ ಬೇವು ಮಾತ್ರ ಹಸಿರಾಗಿ ನಿಂತಿದ್ದನ್ನು ಹೈನ್ರಿಕ್ ಶ್ಮುಟರರ್ ಎಂಬ ಜರ್ಮನ್ ಕೀಟವಿಜ್ಞಾನಿ ಕಂಡರು. ಹುಳ ತಡೆಯುವ ಅಜಾಡಿರಾಕ್ಟಿನ್ ಎಂಬ ಅಂಶವನ್ನು ಬೇವಿನ ಬೀಜದಿಂದ ಬೇರ್ಪಡಿಸಿದ್ದು 1968ರಲ್ಲಿ. ಅದನ್ನು ಪ್ರಯೋಗಾಲಯದಲ್ಲಿ ಮೊದಲಿನಿಂದ ಕಟ್ಟಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿಯಿತು, 2007ರಲ್ಲಿ ಕೆಲಸ ಮುಗಿಯಿತು. ಮರ ಅದನ್ನು ಪ್ರತಿ ವರ್ಷ ಸದ್ದಿಲ್ಲದೆ ಮಾಡುತ್ತದೆ. ಇದು ಹುಳವನ್ನು ತಕ್ಷಣ ಕೊಲ್ಲುವ ವಿಷವಲ್ಲ. ತಿನ್ನದ ಹಾಗೆ ಬಾಯಿ ಕಟ್ಟುತ್ತದೆ, ತಿಂದರೆ ಪೊರೆ ಕಳಚುವ ಹಾರ್ಮೋನಿನ ಕೆಲಸ ಕೆಡಿಸುತ್ತದೆ. ಇಷ್ಟೆಲ್ಲ ಇದ್ದೂ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಕೀಟ ಬೇವಿನ ಚಿಗುರನ್ನೇ ಒಣಗಿಸುತ್ತದೆ. ಬೇವಿಗೇ ಹೀಗಾದರೆ ಉಳಿದ ಮರಗಳ ಪಾಡೇನು ಅಂತ ಯೋಚಿಸಿ.

ಹುಳಗಳೂ ಸುಮ್ನೆ ಕೂತಿಲ್ಲ. ಪೈನ್ ಮರದ ಸೂಜಿ ಎಲೆ ತಿನ್ನುವ ಒಂದು ಹುಳು ಮರದ ರಾಳವನ್ನು ನುಂಗದೆ ಬಾಯಿಯ ಹಿಂದಿರುವ ಸಣ್ಣ ಚೀಲಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಇರುವೆ ಬಂದರೆ ಅದೇ ರಾಳವನ್ನು ಕಕ್ಕಿ ಓಡಿಸುತ್ತದೆ. ವಿಲೋ ಎಲೆ ತಿನ್ನುವ ಕೆಲವು ಜೀರುಂಡೆ ಮರಿಗಳು ಎಲೆಯ ಸ್ಯಾಲಿಸಿನ್ ಅಂಶವನ್ನು ಒಡೆದು, ಅದರ ಸಕ್ಕರೆಯನ್ನು ತಾವು ಬಳಸಿಕೊಂಡು, ಉಳಿದ ಘಾಟನ್ನು ಬೆನ್ನ ಮೇಲಿನ ಗ್ರಂಥಿಗಳಲ್ಲಿ ಇಟ್ಟುಕೊಳ್ಳುತ್ತವೆ. ಮರ ಮಾಡಿದ ಮದ್ದು ಹುಳದ ರಕ್ಷಣೆಗೆ! ಇಂಥ ಹುಳಕ್ಕೆ ಮದ್ದಿರುವ ಎಲೆಯೇ ಇಷ್ಟ. ಅದಕ್ಕೇ ಒಂದೇ ಬಗೆಯ ಮದ್ದು ಎಷ್ಟೇ ಜೋರಾಗಿದ್ದರೂ ಅದನ್ನು ಅರಗಿಸಿಕೊಳ್ಳುವ ಹುಳ ಇವತ್ತಲ್ಲ ನಾಳೆ ಬರುತ್ತದೆ. ನಮ್ಮ ಕೀಟನಾಶಕಗಳ ಹಣೆಬರಹವೂ ಅದೇ ಅಲ್ವಾ?

ಪೈನ್ ಮರ ಮತ್ತು ತೊಗಟೆ ಕೊರೆಯುವ ದುಂಬಿಯ ಹೋರಾಟವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಅದರೊಳಗೇ ಇದೆ. ಅಕ್ಕಿಕಾಳಿನಷ್ಟು ಗಾತ್ರದ ದುಂಬಿ ತೊಗಟೆಗೆ ತೂತು ಹಾಕುತ್ತದೆ. ಆರೋಗ್ಯವಾಗಿರುವ ಮರದಲ್ಲಿ ರಾಳ ಒತ್ತಡದಲ್ಲಿ ತುಂಬಿಕೊಂಡಿರುತ್ತದೆ. ತೂತು ಬಿದ್ದ ತಕ್ಷಣ ಅದು ನುಗ್ಗಿ ಬಂದು ದುಂಬಿಯನ್ನು ಹೊರಗೆ ತಳ್ಳುತ್ತದೆ, ಎಷ್ಟೋ ಸಲ ಅದರಲ್ಲೇ ಹೂತುಹಾಕುತ್ತದೆ. ರಾಳದ ತೆಳು ಅಂಶ ಗಾಳಿಗೆ ಆರಿದ ಮೇಲೆ ಉಳಿದದ್ದು ಗಟ್ಟಿಯಾಗಿ ಗಾಯ ಮುಚ್ಚಿಕೊಳ್ಳುತ್ತದೆ. ಅಂಥ ಮರದ ಬೊಡ್ಡೆಯ ಮೇಲೆ ಮೇಣದ ಹಾಗೆ ಹಳದಿ ಉಂಡೆಗಳು ಕಾಣುತ್ತವೆ, ನಡುವೆ ಸತ್ತ ದುಂಬಿ. ಆದರೆ ದುಂಬಿ ಒಂಟಿಯಾಗಿ ಬರುವುದಿಲ್ಲ. ಮರದ್ದೇ ಆಲ್ಫಾ ಪೈನೀನ್ ಎಂಬ ಅಂಶವನ್ನು ತನ್ನ ಮೈಯಲ್ಲಿ ಬದಲಾಯಿಸಿ ಒಂದು ವಾಸನೆ ಬಿಡುತ್ತದೆ, ಆ ವಾಸನೆ ಹಿಡಿದು ನೂರಾರು ದುಂಬಿಗಳು ಅದೇ ಮರಕ್ಕೆ ಬಂದು ಮುತ್ತುತ್ತವೆ. ಎಲ್ಲ ಕಡೆ ಒಟ್ಟಿಗೆ ತೂತು ಬಿದ್ದರೆ ರಾಳ ಸಾಲುವುದಿಲ್ಲ. ಜೊತೆಗೆ ಅವು ತರುವ ಶಿಲೀಂಧ್ರ ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ.

ಈಗ ಯೋಚಿಸಿ, ರಾಳ ಮಾಡಲು ಮರಕ್ಕೆ ಏನು ಬೇಕು? ಎಲೆ ಕೂಡಿಟ್ಟ ಸಕ್ಕರೆ ಬೇಕು, ಅದನ್ನು ಒತ್ತಡದಲ್ಲಿ ಇಡಲು ನೀರು ಬೇಕು. ಸ್ವಲ್ಪ ನೀರು ಕಡಿಮೆಯಾದರೆ ಮರ ಬೆಳವಣಿಗೆ ನಿಧಾನ ಮಾಡಿ ಮದ್ದಿನ ಕಡೆ ಗಮನ ಕೊಡುವುದೂ ಉಂಟು. ಬರ ವರ್ಷಗಟ್ಟಲೆ ಎಳೆದಾಗ ಮಾತ್ರ ಅದು ಸೋಲುತ್ತದೆ. 2012ರಿಂದ 2016ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಕಂಡ ಬರದಲ್ಲಿ ಸತ್ತ ಮರಗಳ ಸಂಖ್ಯೆ 10 ಕೋಟಿ ಮೀರಿತು, ಅದರಲ್ಲಿ ಬಹಳಷ್ಟು ಮರಗಳನ್ನು ಕೊನೆಗೆ ಮುಗಿಸಿದ್ದು ದುಂಬಿಗಳು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದ ಕೊನೆಯಿಂದ ಶುರುವಾದ ದುಂಬಿ ಹಾವಳಿ ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರ್ ಕಾಡಿಗೆ ಹಬ್ಬಿತು. ಅಲ್ಲಿ ದುಂಬಿಯ ಮರಿಗಳನ್ನು ಕೊಲ್ಲುತ್ತಿದ್ದ ಕಡುಚಳಿ ಕಡಿಮೆಯಾಗಿತ್ತು, ಒಂದೇ ವಯಸ್ಸಿನ ಒಂದೇ ಜಾತಿಯ ಪೈನ್ ಮೈಲುಗಟ್ಟಲೆ ನಿಂತಿತ್ತು. ಇಂಥದ್ದನ್ನು ದುಂಬಿಯ ಹಾವಳಿ ಅಂತ ಮಾತ್ರ ಬರೆದು ಮುಗಿಸಿದರೆ ಅರ್ಧ ಸತ್ಯ ಬರೆದ ಹಾಗೆ. ಮರದ ಕೈ ಕಟ್ಟಿದ್ದು ಯಾರು, ಯಾವುದು ಅಂತಲೂ ಬರೆಯಬೇಕು.

ಮರ ಎಲ್ಲ ಮದ್ದನ್ನೂ ಮೊದಲೇ ಮಾಡಿಟ್ಟುಕೊಳ್ಳುವುದಿಲ್ಲ, ಅದು ಭಾರಿ ಖರ್ಚಿನ ಕೆಲಸ. ಹುಳ ಕಚ್ಚಿದ ಮೇಲೆ ಜಾಸ್ಮೋನಿಕ್ ಆಮ್ಲ ಅನ್ನೋ ಹಾರ್ಮೋನು ಏರಿ, ಕೆಲವೇ ಗಂಟೆಗಳಲ್ಲಿ ತಯಾರಿ ಶುರುವಾಗುತ್ತದೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಎಲ್ಮ್ ಮರದ ವಿಷಯ. ಒಂದು ಜೀರುಂಡೆ ಅದರ ಎಲೆಯನ್ನು ಸ್ವಲ್ಪ ಕೆರೆದು ಮೊಟ್ಟೆ ಅಂಟಿಸುತ್ತದೆ. ಮರಿ ಇನ್ನೂ ಹೊರಬಂದಿಲ್ಲ, ಎಲೆ ತಿಂದಿಲ್ಲ. ಅಷ್ಟರಲ್ಲೇ ಎಲೆ ಬೇರೆ ವಾಸನೆ ಬಿಡಲು ಶುರು ಮಾಡುತ್ತದೆ, ಆ ವಾಸನೆಗೆ ಒಂದು ಪುಟ್ಟ ಕಣಜ ಬಂದು ಜೀರುಂಡೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಬರೀ ಎಲೆ ಕೆರೆದರೆ ಕಣಜ ಬರುವುದಿಲ್ಲ. ಮೊಟ್ಟೆ ಅಂಟಿಸಲು ಜೀರುಂಡೆ ಬಿಡುವ ದ್ರವವನ್ನು ಕೆರೆದ ಜಾಗಕ್ಕೆ ಹಚ್ಚಿದಾಗ ಬಂತು. ಅಂದರೆ ಗಾಯ ಯಾವುದು, ಶತ್ರು ಯಾವುದು ಅಂತ ಎಲೆ ಬೇರೆ ಮಾಡುತ್ತದೆ. ಇಂಥ ಹೊತ್ತಲ್ಲಿ ನಾವು ಎಲ್ಲ ಕೀಟವನ್ನೂ ಕೊಲ್ಲುವ ಔಷಧಿ ಹೊಡೆದರೆ ಮರ ಕರೆದ ಕಣಜವೂ ಸಾಯುತ್ತದೆ. ಮುಂದಿನ ಸಲ ಹುಳ ಬಂದಾಗ ಮರ ಕರೆದರೂ ಬರುವವರು ಯಾರೂ ಇರುವುದಿಲ್ಲ.

1983ರಲ್ಲಿ ಇಯಾನ್ ಬಾಲ್ಡ್‌ವಿನ್ ಮತ್ತು ಜ್ಯಾಕ್ ಶುಲ್ಟ್ಸ್ ಎಂಬ ವಿಜ್ಞಾನಿಗಳು ಪಾಪ್ಲರ್ ಮತ್ತು ಮೇಪಲ್ ಸಸಿಗಳ ಎಲೆ ಹರಿದು ನೋಡಿದಾಗ, ಅದೇ ಮುಚ್ಚಿದ ಕೋಣೆಯಲ್ಲಿದ್ದ, ಗಾಯವಾಗದ ಸಸಿಗಳಲ್ಲೂ ಟ್ಯಾನಿನ್ ಬಳಗದ ಫೀನಾಲಿಕ್ ಅಂಶಗಳು ಏರಿದ್ದವು. ಗಾಯದ ಸುದ್ದಿ ಗಾಳಿಯಲ್ಲಿ ಪಕ್ಕದ ಗಿಡಕ್ಕೆ ಮುಟ್ಟುತ್ತದೆ ಅನ್ನುವುದನ್ನು ಆಗ ಬಹಳ ಜನ ನಂಬಲಿಲ್ಲ. ಬೇರೆ ಬೇರೆ ಗಿಡಗಳಲ್ಲಿ ಮತ್ತೆ ಮತ್ತೆ ಕಂಡ ಮೇಲೆ ಈಗ ಒಪ್ಪಿದ್ದಾರೆ.

ಇನ್ನು ನಾವು ಮಾಡುತ್ತಿರುವುದೇನು? ಬೇಗ ಬೆಳೆಯಲಿ ಅಂತ ಸಾರಜನಕದ ಗೊಬ್ಬರ ಸುರಿಯುತ್ತೇವೆ. ಎಲೆ ದೊಡ್ಡದಾಗಿ, ಮೃದುವಾಗಿ, ಕಡು ಹಸಿರಾಗಿ ಬರುತ್ತದೆ. ನೋಡಲು ಚಂದ. ಆದರೆ ಸಾಮಾನ್ಯವಾಗಿ ಅಂಥ ಎಲೆಯಲ್ಲಿ ಒಗರು ಇಳಿದು ಪ್ರೋಟೀನು ಏರಿರುತ್ತದೆ, ಹುಳಕ್ಕೆ ಹಬ್ಬ. ಆಮೇಲೆ ಹುಳ ಬಂತು ಅಂತ ಔಷಧಿ. ಬೊಡ್ಡೆಗೆ ಮೊಳೆ ಹೊಡೆಯುತ್ತೇವೆ, ತೊಗಟೆ ಕೆತ್ತುತ್ತೇವೆ, ಬೇರಿನ ಮೇಲೆ ಕಾಂಕ್ರೀಟು ಹಾಕಿ ನೀರು ಇಳಿಯದ ಹಾಗೆ ಮಾಡುತ್ತೇವೆ. ಪ್ರತಿ ಗಾಯಕ್ಕೂ ಮರ ಖರ್ಚು ಮಾಡಲೇಬೇಕು, ಹುಳದ ಜೊತೆ ಹೋರಾಡಲು ಬೇಕಾದ್ದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಒಂದೇ ತಾಯಿಯ ಸಸಿಗಳನ್ನು ಸಾಲಾಗಿ ನೆಡುವುದು. ಉತ್ತರ ಅಮೆರಿಕದ ಊರುಗಳಲ್ಲಿ ಎಲ್ಮ್ ಮರಗಳು ರೋಗ ಬಂದು ಸತ್ತಾಗ ಆ ಜಾಗದಲ್ಲಿ ಬಹಳ ಕಡೆ ಆಶ್ ಮರಗಳನ್ನು ನೆಟ್ಟರು. ಬೇಗ ಬೆಳೆಯುತ್ತದೆ, ಗಟ್ಟಿ ಮರ, ನೆರಳು ಚೆನ್ನಾಗಿದೆ ಅಂತ. 2002ರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಒಂದು ಕೊರಕ ಜೀರುಂಡೆ ಕಂಡಿತು. ಕೋಟ್ಯಂತರ ಆಶ್ ಮರಗಳು ಹೋದವು. ಅದೇ ಜೀರುಂಡೆಯ ಜೊತೆ ಸಾವಿರಾರು ವರ್ಷ ಬದುಕಿದ ಮಂಚೂರಿಯನ್ ಆಶ್ ಸಾಕಷ್ಟು ತಡೆದುಕೊಳ್ಳುತ್ತದೆ, ಅದರ ತೊಗಟೆಯ ಒಳಪದರದ ರಾಸಾಯನಿಕಗಳೇ ಬೇರೆ. ಈಗ ಅಲ್ಲಿ ಉಳಿದ ಬೆರಳೆಣಿಕೆಯ ಮರಗಳಿಂದ ಕೊಂಬೆ ತಂದು, ಬೀಜ ತಂದು, ತಡೆಯುವ ಸಸಿ ಬೆಳೆಸುವ ಕೆಲಸ ನಡೆದಿದೆ. ಸತ್ತ ಮರಗಳ ನಡುವೆ ಉಳಿದ ಒಂದು ಮರವನ್ನು ಯಾರಾದರೂ ಕಡಿದುಬಿಟ್ಟರೆ ಆ ದಾರಿಯೂ ಮುಚ್ಚಿಹೋಗುತ್ತದೆ. ಹುಳ ಹರಡದಿರಲಿ ಅಂತ ಮುನ್ನೆಚ್ಚರಿಕೆಯಿಂದ ಎಲ್ಲವನ್ನೂ ಕಡಿಯುವವರು ಇದನ್ನು ನೆನಪಿಡಬೇಕು.

ಬೇರೆ ಬೇರೆ ಜಾತಿಯ ಮರಗಳನ್ನು ಬೆರೆಸಿ ನೆಟ್ಟ ಕಡೆ ಹುಳದ ಹಾನಿ ಕಡಿಮೆ ಅನ್ನುವುದನ್ನು 2007ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ ತೋರಿಸಿದ್ದಾರೆ. ಅದರಲ್ಲೂ ಒಂದೇ ಜಾತಿಯ ಮರ ತಿನ್ನುವ ಹುಳಗಳಿಗೆ ಇದು ದೊಡ್ಡ ಅಡ್ಡಿ. ಎಲ್ಲ ಮರ ತಿನ್ನುವ ಹುಳಕ್ಕೆ ಅಷ್ಟು ಅಡ್ಡಿಯಾಗದಿರಬಹುದು. ಪರವಾಗಿಲ್ಲ. ಪೂರ್ತಿ ಹುಳ ಇಲ್ಲದ ಮರ ಯಾರಿಗೆ ಬೇಕು? ಎಲೆಯಲ್ಲಿ ನಾಲ್ಕು ತೂತು ಬಿದ್ದ ಮಾತ್ರಕ್ಕೆ ಆರೋಗ್ಯವಾದ ದೊಡ್ಡ ಮರ ಸಾಯುವುದಿಲ್ಲ. ಎಷ್ಟೋ ಜಾತಿಯ ಮರಗಳು ಒಂದು ಸಲ ಪೂರ್ತಿ ಬೋಳಾದರೂ ಮತ್ತೆ ಚಿಗುರುತ್ತವೆ. ಅದೇ ವರ್ಷ ವರ್ಷವೂ ಆದರೆ, ಎಳೆ ಸಸಿಗೆ ಆದರೆ, ಬೊಡ್ಡೆಯಲ್ಲಿ ತೂತು ಬಿದ್ದು ಹೊಟ್ಟು ಉದುರುತ್ತಿದ್ದರೆ ಸುಮ್ಮನೆ ಕೂರಬಾರದು, ತಿಳಿದವರನ್ನು ಕರೆದು ತೋರಿಸಿ. ಔಷಧಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಂಡದೊಳಗಿನ ಕೊರಕಕ್ಕೆ ಕೆಲವೊಮ್ಮೆ ಬೇರೆ ದಾರಿಯೇ ಇರುವುದಿಲ್ಲ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಇನ್ನು ಮೇಲೆ ಯಾರಾದರೂ ಮರಕ್ಕೆ ಹುಳ ಅಂತ ಪ್ರಶ್ನೆ ಕಳಿಸಿದರೆ, ಉತ್ತರ ಕೊಡುವ ತಜ್ಞರು ಔಷಧಿಯ ಹೆಸರು ಬರೆಯುವ ಮೊದಲು ಮರಕ್ಕೆ ನೀರು ಸಿಗುತ್ತಿದೆಯಾ, ಗೊಬ್ಬರ ಎಷ್ಟು ಹಾಕಿದಿರಿ, ತೊಗಟೆಗೆ ಗಾಯ ಆಗಿದೆಯಾ, ಸುತ್ತ ಅದೇ ಜಾತಿಯ ಮರಗಳು ಎಷ್ಟಿವೆ, ಅವುಗಳಲ್ಲಿ ಹುಳ ಮುಟ್ಟದೆ ಬಿಟ್ಟದ್ದು ಯಾವುದಾದರೂ ಇದೆಯಾ ಅಂತ ಕೇಳಲಿ. ಸಸಿ ನೆಡುವ ಸುದ್ದಿ ಬಂದಾಗ ಎಷ್ಟು ಸಾವಿರ ಸಸಿ ಅನ್ನುವುದರ ಜೊತೆಗೆ ಎಷ್ಟು ಜಾತಿ, ಬೀಜ ಎಷ್ಟು ತಾಯಿಮರಗಳಿಂದ ತಂದದ್ದು ಅಂತಲೂ ನಿಮ್ಮ ವರದಿಗಾರರು ಕೇಳಿ ಬರೆಯಲಿ. ಓದುಗರಲ್ಲೂ ಒಂದು ಮಾತು. ಎಲ್ಲ ಮರಗಳನ್ನೂ ಹುಳ ತಿಂದು, ಒಂದು ಮಾತ್ರ ಉಳಿದಿದ್ದು ಕಂಡರೆ ಅದಕ್ಕೊಂದು ಗುರುತು ಮಾಡಿಡಿ. ಅದರ ಬೀಜ ಎತ್ತಿಟ್ಟುಕೊಂಡು, ಮುಂದಿನ ಸಲ ನೆಡುವಾಗ ಉಳಿದ ಸಸಿಗಳ ಜೊತೆ ಅದನ್ನೂ ಬೆರೆಸಿ ನೆಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ